ಲಡಾಖಿನ ಮಾತ್ರೆ

ಊಟದ ಹೊತ್ತಾಯಿತೆಂದರೆ ಶಿವರಾಮನ ತಲೆ ಮಂಕಾಗುತ್ತಿತ್ತು. ರಾಯದುರ್ಗದ ಆ ಜೀನ್ಸ್ ಷೆಡ್ಡಿನಲ್ಲಿ ಇಪ್ಪತ್ತು ಮಿಷನ್ನು, ಇಸ್ತ್ರಿಯ ಹಬೆ, ಮೂರು ಕಿಟಕಿ. ಮೂರೂ ಸದಾ ಮುಚ್ಚಿರುತ್ತಿದ್ದವು. ತೆರೆದರೆ ಕತ್ತರಿಸಿದ ಬಟ್ಟೆಯ ಮೇಲಿನ ಸೈಜಿನ ಚೀಟಿಗಳೆಲ್ಲ ಗಾಳಿಗೆ ಹಾರಿಹೋಗುತ್ತವೆಂದು ಸಾವ್ಕಾರ ಪಾಪಣ್ಣನ ಹೆದರಿಕೆ. ನಿನ್ನೆ ಶಿವರಾಮ ಒಂದು ಪ್ಯಾಂಟಿಗೆ ಎರಡೂ ಎಡಗಾಲನ್ನೇ ಜೋಡಿಸಿದ್ದ. ಇನ್ನೊಂದು ತಪ್ಪಾದರೆ ಮಿಷನ್ನು ಬಿಡಿಸಿ, ಸಣ್ಣಕ್ಕನ ಪಕ್ಕ ದಾರ ಕತ್ತರಿಸಲು ಕೂರಿಸುವುದಾಗಿ ಪಾಪಣ್ಣ ಹೇಳಿಬಿಟ್ಟಿದ್ದ.

ಪಕ್ಕದ ಮಿಷನ್ನಿನ ಬಸವರಾಜು ಬೆಳಿಗ್ಗೆ ಒಂದು ಡಬ್ಬಿ ತಂದ. ಲಡಾಖಿನಲ್ಲಿ ಸಿಪಾಯಿಯಾಗಿದ್ದ ಅವನ ಭಾವ ರಜೆಗೆ ಬಂದಾಗ ಬಿಟ್ಟುಹೋದದ್ದು.

"ಅಲ್ಲಿ ಗುಡ್ಡದ ಮ್ಯಾಲ ಗಾಳಿನ ಸಾಲಂಗಿಲ್ಲಂತ. ಇದನ್ನ ನುಂಗಿದ್ರ ತಲಿ ಚುರುಕ್ ಇರ್ತತಂತ."

"ನಮಗೂ ಲಡಾಖಿಗೂ ಏನ್ ಫರಕೈತಪ್ಪ? ಅಲ್ಲಿ ಹಿಮ, ಇಲ್ಲಿ ಇಸ್ತ್ರಿ," ಎಂದಳು ಸಣ್ಣಕ್ಕ.

ಊಟಕ್ಕೆ ಮುಂಚೆ ನುಂಗಬೇಕೆಂದು ಒಬ್ಬರು, ಮಜ್ಜಿಗೆಯಲ್ಲಿ ನುಂಗಬೇಕೆಂದು ಇನ್ನೊಬ್ಬರು. ನುಂಗಲಿ, ಸಂಜೆಗೆ ನೋಡೋಣ ಎಂದು ಪಾಪಣ್ಣನೂ ಒಪ್ಪಿದ. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣವಿದ್ದಂತೆ ಶಿವರಾಮನ ಬುದ್ಧಿ ಆ ಡಬ್ಬಿಯೊಳಗೆ ಕೂತಿತು.

ಎಲ್ಲರೂ ಚಹಾಕ್ಕೆ ಹೋದಾಗ ಅವನು ಡಬ್ಬಿ ಹಿಡಿದು ಕೂತ. ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ. ಕತ್ತರಿಯ ಹಿಡಿಯಿಂದ ಕುಟ್ಟಿದ. ಮುಚ್ಚಳವೇನೋ ಬಿಚ್ಚಿತು, ಒಂದು ಮಾತ್ರೆ ಕೈಗೂ ಬಂತು. ಆದರೆ ಜಾರಿದ ಕತ್ತರಿ ಬೆನ್ನ ಹಿಂದಿನ ಕಿಟಕಿಯ ಗಾಜಿಗೆ ಬಡಿದು ಮುಷ್ಟಿಯಷ್ಟು ತೂತಾಯಿತು. ಗಾಜು ಒಡೆದದ್ದು ಗೊತ್ತಾದರೆ ದಾರ ಕತ್ತರಿಸುವ ಕೆಲಸವೂ ಇರುವುದಿಲ್ಲ. ಚೂರುಗಳನ್ನು ಕಾಲಲ್ಲಿ ಒತ್ತರಿಸಿ, ತೂತಿಗೆ ಬೆನ್ನು ಅಡ್ಡ ಕೊಟ್ಟು ಕೂತವನು, ಊಟವನ್ನೂ ಅಲ್ಲೇ ಮುಗಿಸಿ, ಸಂಜೆಯವರೆಗೆ ಏಳದೆ ಹೊಲಿದ.

ಸಂಜೆ ಪಾಪಣ್ಣ ಅವನ ನಲವತ್ತು ಪ್ಯಾಂಟು ತಿರುವಿ ತಿರುವಿ ನೋಡಿದ. ಒಂದರಲ್ಲೂ ತಪ್ಪಿಲ್ಲ. ಎಲ್ಲರೂ ಡಬ್ಬಿಗೆ ಕೈಮುಗಿಯುವುದೊಂದು ಬಾಕಿ. ಬೆವರು ಒರೆಸಲು ಜೇಬಿನ ಕರ್ಚೀಫಿಗೆ ಕೈಹಾಕಿದ ಶಿವರಾಮನಿಗೆ ಏನೋ ಗುಂಡಗೆ ಸಿಕ್ಕಿತು. ಮಾತ್ರೆ. ಗಾಬರಿಯಲ್ಲಿ ನುಂಗುವುದನ್ನೇ ಮರೆತಿದ್ದ.

ಬೆನ್ನಿಗೆ ತಣ್ಣಗೆ ಗಾಳಿ ಬೀಸಿತು. ತಲೆ ಚುರುಕಾಗಿಟ್ಟದ್ದು ಇದೇ ಎಂದು ಆಗ ಅವನಿಗೆ ತಿಳಿಯಿತು. ಹೇಳಲು ಬಾಯಿ ತೆರೆದ. ಹೇಳಿದರೆ ಗಾಜಿನ ಕತೆಯೂ ಹೇಳಬೇಕು. ಮುಚ್ಚಿಕೊಂಡ.

ಅಷ್ಟರಲ್ಲಿ ಅವನ ಬೆನ್ನು ಸರಿದು, ಪಾಪಣ್ಣನ ಕಣ್ಣು ತೂತಿನ ಮೇಲೆ ಬಿತ್ತು. ಓಣಿಯ ಹುಡುಗರ ಕ್ರಿಕೆಟ್ಟಿಗೆ ಬೈದು, ಮೂರು ಕಿಟಕಿಗೂ ಪ್ಲೈವುಡ್ ಹೊಡೆಯಲು ಆಗಲೇ ಬಡಗಿಯನ್ನು ಕರೆಸಿದ.

"ಇಂಥಾ ಮಾತ್ರಿ ಇದ್ದಮ್ಯಾಲ ಗಾಳಿ ಯಾಕ ಬೇಕು?"

ಮರುದಿನ ಶಿವರಾಮ ಎಲ್ಲರೆದುರು ಎರಡು ಮಾತ್ರೆ ನುಂಗಿದ. ಊಟದ ಹೊತ್ತಿಗೆ ಒಂದು ಪ್ಯಾಂಟಿನ ಜಿಪ್ಪು ಹಿಂದುಗಡೆ ಬಂದಿತ್ತು.

ಪಾಪಣ್ಣ ಅವನ ಕೈಗೆ ದಾರ ಕತ್ತರಿಸುವ ಕತ್ತರಿ ಕೊಟ್ಟು, ಸಣ್ಣಕ್ಕನ ಪಕ್ಕದ ಜಾಗ ತೋರಿಸಿದ.

"ಲೇ, ನಿಜ ಹೇಳು, ಮಾತ್ರಿ ನಾಲಿಗಿ ಕೆಳಗ ಇಟ್ಕಂಡು ಉಗುಳಿದಿ, ಹೌದಲ್ಲ?"