ಜಿಲಾಲಿಯ ಹಲ್ಲುನೋವು

ಜಿಲಾಲಿಗೆ ಹಲ್ಲುನೋವು ಶುರುವಾದದ್ದು ಮರುಭೂಮಿಯಂಚಿನ ಊರು ಝಾಗೋರಾದ ಟ್ಯಾಕ್ಸಿ ನಿಲ್ದಾಣದಲ್ಲಿ. ಪಕ್ಕದ ಸೀಟಿನ ಮುದುಕಿ ಲಾಲ್ಲಾ ತೂದಾ, "ಎಲ್ಲಿಗಪ್ಪ ಸವಾರಿ, ಇಷ್ಟೊಂದು ಇಸ್ತ್ರಿ ಹಾಕ್ಕೊಂಡು?" ಎಂದು ಕೇಳಿದ ಕ್ಷಣದಲ್ಲೇ. ಹೆಣ್ಣು ಕೇಳಲು ಹೋಗುವುದನ್ನು ಬಾಯಿ ಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ ಎಂದು ತಾಯಿ ತಾಕೀತು ಮಾಡಿದ್ದಳು.

"ಹಲ್ಲುನೋವು, ಲಾಲ್ಲಾ. ಮರಕೇಶಿನ ಡಾಕ್ಟರ ಹತ್ರ" ಎಂದುಬಿಟ್ಟ.

ಅವನ ತೊಡೆಯ ಮೇಲೆ ಹೊಸ ಸುಗ್ಗಿಯ ಖರ್ಜೂರದ ಡಬ್ಬಿ ಇತ್ತು. ಹುಡುಗಿಯ ತಂದೆ ಹಾಜಿ ಅಲ್ಲಾಲ್ ಹೇಳಿ ಕಳಿಸಿದ್ದು ಒಂದೇ ಮಾತು: ಹುಡುಗ ಬರಲಿ, ಬರುವಾಗ ಆ ಕಡೆಯ ಖರ್ಜೂರ ತರಲಿ. ಹೋದ ವರ್ಷ ಒಂದು ಮದುವೆಯಲ್ಲಿ ಯಾಮ್ನಾಳನ್ನು ಕಂಡಾಗಿನಿಂದ ಜಿಲಾಲಿಗೆ ಊಟ ಸೇರುತ್ತಿರಲಿಲ್ಲ. ಡಬ್ಬಿಯನ್ನು ಹಸುಗೂಸಿನಂತೆ ಅಪ್ಪಿಕೊಂಡಿದ್ದ.

"ಹಲ್ಲುನೋವಿನೋನಿಗೆ ಖರ್ಜೂರ ಯಾಕೋ?"

"ಡಾಕ್ಟರಿಗೆ ಕೊಡೋಕೆ."

"ಜನ ಇದನ್ನ ತಿಂದ್ರೆ ತಾನೆ ಅವರ ಅಂಗಡಿ ನಡೆಯೋದು!" ಎಂದ ಚಾಲಕ ಬೂಜಮಾ. ಉಳಿದ ನಾಲ್ವರು ಪ್ರಯಾಣಿಕರೂ ನಕ್ಕರು.

ಮರಳು ಹಿಂದಾಯಿತು. ಬೆಟ್ಟದ ಮಡಿಲಲ್ಲಿ ಅಕ್ರೋಟಿನ ಎಲೆ ಹಳದಿ ತಿರುಗಿತ್ತು, ತುದಿಯಲ್ಲಿ ಹೊಸ ಹಿಮ. ಕಣಿವೆಯ ಬಾಯಲ್ಲಿ ಟ್ಯಾಕ್ಸಿ ನಿಂತಿತು. ಮೇಲಿನ ಹುಲ್ಲುಗಾವಲಿಂದ ಇಳಿದು ಬರುತ್ತಿದ್ದ ಕುರಿಹಿಂಡು ರಸ್ತೆ ತುಂಬಿತ್ತು. ಗಂಟೆ ಕಳೆಯಿತು, ಮಧ್ಯಾಹ್ನವಾಯಿತು. ಎಲ್ಲರ ಕಣ್ಣೂ ಡಬ್ಬಿಯ ಮೇಲೆ.

ತಿನ್ನಲು ಕರೆಯದಿದ್ದರೆ ಮರ್ಯಾದೆಯಲ್ಲ. ಕರೆದರೆ ಬೇಡ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

"ತಗೊಳ್ಳಿ, ಲಾಲ್ಲಾ."

"ಬೇಡ ಮಗಾ."

ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಹೇಳಿ ಅಭ್ಯಾಸವಾದ ನಾಲಿಗೆ ಕೇಳಬೇಕಲ್ಲ! "ದೇವರಾಣೆ, ತಗೊಳ್ಳಲೇಬೇಕು!" ಎಂದಿತು.

ಆಣೆ ಬಿದ್ದ ಮೇಲೆ ಬೇಡ ಅಂದರೆ ಆಣೆಯಿಟ್ಟವನು ಮೂರು ದಿನ ಉಪವಾಸ ಮಾಡಬೇಕು. ಅವನನ್ನು ಉಳಿಸಲೆಂದೇ ತೂದಾ ಎರಡು ಹಿಡಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಒಬ್ಬರಿಗೆ ಆಣೆಯಿಟ್ಟು ಉಳಿದವರನ್ನು ಬಿಡಲಾದೀತೇ? ಇನ್ನೂ ಐದು ಆಣೆ. ಕುರುಬರು ಬಂದು ಸಲಾಂ ಹೇಳಿದರು, ಅವರಿಗೂ ಆಣೆ. ಡಬ್ಬಿ ಬರಿದಾಯಿತು.

"ನೀನೂ ಒಂದು ತಿನ್ನು ಅನ್ನೋಣ ಅಂದ್ರೆ ಹಲ್ಲುನೋವು, ಪಾಪ" ಎಂದು ಬೂಜಮಾ ಕೊನೆಯ ಬೀಜ ಉಗಿದ.

ಮರಕೇಶಿನಲ್ಲಿ ಇಳಿದು, ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯಿಂದ ಒಂದು ಸಕ್ಕರೆ ಅಚ್ಚು ಕೊಂಡು, ಮೂರು ಓಣಿ ಸುತ್ತಿ, ಧೈರ್ಯ ತಂದುಕೊಂಡು ಹಾಜಿಯ ಬಾಗಿಲು ತಟ್ಟಿದ. ಒಳಗೆ ಹಾಜಿ ತಟ್ಟೆ ತುಂಬ ಖರ್ಜೂರ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಲಾಲ್ಲಾ ತೂದಾ!

"ನಮ್ಮಕ್ಕ ತಂದಿದ್ದು. ನೀನೇನಪ್ಪ ತಂದಿ? ಸಕ್ಕರೆನಾ?"

ಜಿಲಾಲಿಗೆ ತಡೆಯಲಾಗಲಿಲ್ಲ. "ಮಾವ, ಆ ಖರ್ಜೂರ ನಾನೇ ಕೊಟ್ಟಿದ್ದು! ಬೇಕಾದ್ರೆ ಲಾಲ್ಲಾನ ಕೇಳಿ."

"ಹೌದು ಕಣೋ, ಈ ಪುಣ್ಯಾತ್ಮನೇ ಕೊಟ್ಟಿದ್ದು" ಎಂದಳು ತೂದಾ, ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಹಲ್ಲಿನ ಡಾಕ್ಟರಿಗೆ ಅಂತ ತಂದಿದ್ದ."

ಹಾಜಿಯ ಹುಬ್ಬು ಮೇಲೇರಿತು. "ಓಹೋ! ಡಾಕ್ಟರಿಗೆ ಖರ್ಜೂರ, ನನಗೆ ಸಕ್ಕರೆ! ಹೋಗಿ ಮೊದಲು ಹಲ್ಲು ಸರಿ ಮಾಡಿಸ್ಕೋ. ಮುಂದಿನ ಸುಗ್ಗಿಗೆ ಡಬ್ಬಿ ಹಿಡ್ಕೊಂಡು ಬಾ. ದೇವರಾಣೆ, ಅಲ್ಲಿವರೆಗೆ ಮದುವೆ ಮಾತೇ ಬೇಡ!"

ಆಣೆ ಬಿದ್ದಾಗಿತ್ತು. ಇನ್ನು ಆ ಮಾತೆತ್ತಿ ಹಾಜಿಗೆ ಉಪವಾಸ ಹಾಕುವ ಹಾಗಿಲ್ಲ. ತೂದಾ ಮರುಕದಿಂದ ಅವನ ಅಂಗೈಗೆ ಒಂದು ಲವಂಗ ಇಟ್ಟಳು.

"ಕಚ್ಕೋ ಮಗಾ, ನೋವು ಇಳಿಯತ್ತೆ."

ಜಿಲಾಲಿ ಕಚ್ಚಿಕೊಂಡ.