ಮಾವನ ಭುಜ, ವಕೀಲರ ರಟ್ಟೆ

ನಮ್ಮ ಸೋದರಮಾವ ಈ ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ ಎಂದರೆ ಅದು ಸುಳ್ಳು. ತಮ್ಮನ್ನು ತಾವು ಅರ್ಧ ನಂಬುತ್ತಾರೆ! ಬೀಗ ಹಾಕಿ, ಎಳೆದು ನೋಡಿ, ಹತ್ತು ಹೆಜ್ಜೆ ಹೋದಮೇಲೆ ಹಿಂತಿರುಗಿ ಮತ್ತೊಮ್ಮೆ ಎಳೆಯುವುದು ಉಳಿದರ್ಧದ ಕೆಲಸ. ಜೀವಮಾನವೆಲ್ಲ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡಿದವರು, ಪಾಪ, ರಿಟೈರಾದ ಮೇಲೆ ಮನುಷ್ಯರನ್ನು ಚೆಕ್ ಮಾಡದೆ ಇನ್ನೇನು ಮಾಡಿಯಾರು? ಗುಬ್ಬಿಯ ಅವರ ಮನೆಗೆ ಹೋದರೆ ನನ್ನನ್ನೂ ಕಿಟಕಿಯಿಂದ ನೋಡಿಯೇ ಬಾಗಿಲು ತೆಗೆಯುತ್ತಾರೆ. ಅದೂ ಬೆಳಿಗ್ಗೆ ಏಳರಿಂದ ಏಳೂಕಾಲರವರೆಗೆ ಯಾರು ಬಡಿದರೂ ತೆಗೆಯುವುದಿಲ್ಲ. ಒಳಗೆ ಮಾವ, ಅತ್ತೆ ಇಬ್ಬರೇ. ಏನು ಮಾಡುತ್ತಾರೋ! ಅನುಮಾನ ಅಂಟುಜಾಡ್ಯ ನೋಡಿ, ನನಗೂ ಹತ್ತಿಕೊಂಡಿತ್ತು.

ಇಂಥವರು ಫ್ಲೂ ಇಂಜೆಕ್ಷನ್ನಿಗೆ ಒಪ್ಪಿದ್ದೇ ಅತ್ತೆಯ ಕಾಟಕ್ಕೆ. ಆದರೆ ಗುಬ್ಬಿಯಲ್ಲಿ ಬೇಡ. ಗುರುತಿನ ಡಾಕ್ಟರು ಗುರುತಿನವರಿಗೇ ಹಳೇ ಸ್ಟಾಕು ದಾಟಿಸುತ್ತಾರಂತೆ! ಆದ್ದರಿಂದ ಗುರುತೇ ಇಲ್ಲದ ಕುಣಿಗಲ್ಲಿನ ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಬಸ್ಸಿನಲ್ಲಿ ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದ ಮಾವ, ಅಲ್ಲಿ ಔಷಧದ ಸೀಸೆಯನ್ನೂ ಹಾಗೆಯೇ ಹಿಡಿದು ತಾರೀಕು ಓದಿ, ಮತ್ತೆ ನನ್ನಿಂದ ಓದಿಸಿದರು. ನರ್ಸಮ್ಮ ಶರ್ಟು ಬಿಚ್ಚಿ ಎಂದರೆ ಸುತರಾಂ ಒಪ್ಪಲಿಲ್ಲ. ಬಿಚ್ಚಿಟ್ಟ ಶರ್ಟಿನ ಜೇಬಿಗೆ ಯಾರು ಕೈ ಹಾಕುತ್ತಾರೋ ಯಾರು ಕಂಡರು? ತುಂಬುತೋಳಿನ ಶರ್ಟು, ಮಡಿಚಿದರೆ ಮೊಣಕೈ ದಾಟದು. ಕೊನೆಗೆ ಮಾವ ಮೇಲಿನ ಎರಡು ಗುಂಡಿ ಬಿಚ್ಚಿ, ಕಾಲರು ಒಂದಿಷ್ಟು ಜಾರಿಸಿ, "ಇಷ್ಟ್ ಸಾಕು, ಇಲ್ಲೇ ಹಾಕಮ್ಮ" ಎಂದರು. ಕ್ಯೂ ದೊಡ್ಡದಿತ್ತು. ಆ ತಾಯಿಯೂ ಕಂಡಷ್ಟು ಜಾಗದಲ್ಲೇ ಚುಚ್ಚಿದರು.

ಮಾರನೆಯ ದಿನದಿಂದ ಬಲಗೈ ಎದೆಯ ಮಟ್ಟ ದಾಟಿ ಮೇಲೇಳಲಿಲ್ಲ. ಎರಡು ತಿಂಗಳಾದರೂ ಅಷ್ಟೇ. ರಟ್ಟೆಗೆ ಬೀಳಬೇಕಾದ ಸೂಜಿ ಮೇಲೆ ಭುಜದ ಕೀಲಿಗೆ ಬಿದ್ದಿದೆ ಎಂದರು ಮೂಳೆ ಡಾಕ್ಟರು. "ದಿನಾ ಕಾಲು ಗಂಟೆ ಮೇಲಕ್ಕೆದ್ರೆ ಸಾಕು ಸಾರ್" ಎಂದು ಮಾವ ಅಂಗಲಾಚಿದ್ದು ನನಗೆ ವಿಚಿತ್ರವೆನಿಸಿತು. ಡಾಕ್ಟರು ಏನೂ ಭರವಸೆ ಕೊಡಲಿಲ್ಲ. ಹೊರಗೆ ಬರುವಷ್ಟರಲ್ಲಿ ಮಾವನ ಕಣ್ಣು ಹೊಳೆಯಿತು. ಜೀವಮಾನವಿಡೀ ಹುಡುಕಿದ ಮೋಸ ಕಡೆಗೂ ಕೈಗೆ ಸಿಕ್ಕಿತ್ತು, ಆ ಕೈ ಏಳದಿದ್ದರೂ!

ಪರಿಹಾರದ ಕೇಸು ಹಾಕಲು ತುಮಕೂರಿನ ವಕೀಲರೊಬ್ಬರ ಬಳಿ ಹೋದೆವು. ಅವರು ಅರ್ಜಿಯ ಕರಡಿನಲ್ಲಿ "ರಟ್ಟೆಗೆ ಚುಚ್ಚಿದ ಇಂಜೆಕ್ಷನ್ನಿನಿಂದ" ಎಂದು ಬರೆಸಿದ್ದರು. ಮಾವನಿಗೆ ಅಷ್ಟು ಸಾಕಾಯಿತು. ರಟ್ಟೆಗೇ ಚುಚ್ಚಿದ್ದರೆ ಕೇಸೆಲ್ಲಿ ಬಂತು, ಈ ವಕೀಲ ಕ್ಲಿನಿಕ್ಕಿನವರ ಕಡೆಯವನೇ ಎಂದು ನನ್ನ ಕಿವಿಯಲ್ಲಿ ಊದಿದರು. ವಕೀಲರು ತಾಳ್ಮೆಯಿಂದ "ಭುಜ" ಎಂದು ತಿದ್ದಿ, ಹಾಗಾದರೆ ಶರ್ಟು ಬಿಚ್ಚಿದ್ದಿರಾ ಎಂದು ಕೇಳಿದರು. ಮಾವ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಕಡೆಗೆ ನಡೆದದ್ದನ್ನೆಲ್ಲ ನಾನೇ ಹೇಳಬೇಕಾಯಿತು.

"ಇವ್ನೂ ಅವ್ರ ಕಡೆ ಸೇರ್ಕೊಂಡವ್ನೆ" ಎಂದರು ಮಾವ.

ಆದರೂ ನರ್ಸು ಹಾಗೆ ಚುಚ್ಚಬಾರದಿತ್ತು, ಕೇಸು ಗೆದ್ದರೂ ಗೆಲ್ಲಬಹುದು, ಆದ ನಷ್ಟ ಏನೆಂದು ಹೇಳಿ ಎಂದರು ವಕೀಲರು. ಸಂಪಾದನೆ? ಪೆನ್ಷನ್ ಬರುತ್ತಿದೆ. ಊಟ? ಬಗ್ಗಿ ಉಣ್ಣುತ್ತಾರೆ. ಮತ್ತೇನು? ಮಾವ ಎಡಗೈಯಿಂದ ಶರ್ಟಿನ ಜೇಬು ಮುಟ್ಟಿ ನೋಡಿಕೊಂಡರು. ನಷ್ಟದ ಜಾಗ ಖಾಲಿ ಉಳಿದ ಅರ್ಜಿಯನ್ನು ನನ್ನ ಮುಂದೆ ತಳ್ಳಿ ವಕೀಲರು ಎರಡೂ ಕೈ ಎತ್ತಿಬಿಟ್ಟರು. ಎಷ್ಟು ಸಲೀಸಾಗಿ ಎತ್ತಿದರು! ಮಾವ ಅದನ್ನು ಹೊಟ್ಟೆಕಿಚ್ಚಿನಿಂದ ನೋಡಿದರು.

ಮುಂದಿನ ವಾರ ಆ ಖಾಲಿ ಜಾಗ ತುಂಬಿಸಿಕೊಂಡು ಬರೋಣವೆಂದು ಬೆಳಿಗ್ಗೆಯೇ ಗುಬ್ಬಿಗೆ ಹೋದೆ. ಏಳು ಹೊಡೆದು ಐದು ನಿಮಿಷ. ಮಾವ ಎಡಗೈಯಲ್ಲಿ ಹಾಕಿದ ಮೇಲಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಬಡಿದ ಏಟಿಗೇ ಬಾಗಿಲು ತೆರೆದುಕೊಂಡಿತು.

ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಹಿಂದೆ ಮಾವ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು ಅವರಿಗೆ ಜಡೆ ಹೆಣೆಯುತ್ತಿದ್ದರು. ಮಾವನ ಬಲ ಮೊಣಕೈಯನ್ನು ಅತ್ತೆ ತಮ್ಮ ಕೈ ಹಿಂದಕ್ಕೆ ಚಾಚಿ ಕೆಳಗಿನಿಂದ ಎತ್ತಿ ಹಿಡಿದಿದ್ದರು. ಕೀಲುನೋವಿಗೆ ಅತ್ತೆಯ ಬೆರಳು ಸೊಟ್ಟಗಾಗಿ ಎಷ್ಟೋ ವರ್ಷವಾಯಿತು. ಅವರ ಜಡೆ ಯಾರು ಹಾಕುತ್ತಾರೆ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದೆವೇ? ನನಗೆ ನಾಚಿಕೆಯಾಯಿತು.

"ಮಾವ, ನಷ್ಟ ಅಂತ ಇದನ್ನೇ ಬರೆಸ್ಲಾ?" ಎಂದೆ.

ಮಾವ ಬಾಚಣಿಗೆ ತೆಗೆದರು. "ಬ್ಯಾಡ ಬುಡು. ಕೋರ್ಟಲ್ಲಿ ಓದಿ ನಗ್ತಾರೆ." ಸ್ವಲ್ಪ ಹೊತ್ತು ನನ್ನನ್ನೇ ದಿಟ್ಟಿಸಿ ನೋಡಿದರು, ಹಳೇ ಚೆಕಿಂಗ್ ಕಣ್ಣಿನಲ್ಲಿ. ಆಮೇಲೆ ಹೇಳಿದರು. "ಬಾಗ್ಲು ಹಾಕಿ ಬಾರ್ಲಾ, ಈ ಮೊಣಕೈ ಹಿಡ್ಕೊ. ಪಾಪ, ಅವಳ ಕೈ ನೋಯ್ತದೆ."

ನಾನು ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ, ಹೋಗಿ ಮಾವನ ಕೈ ಎತ್ತಿ ಹಿಡಿದುಕೊಂಡೆ.