ಪೆಟ್ಟಿಗೆಗಳಿಗೆ ಗುರುತು ಕೊಡುವ ಭಾವ

ನಮ್ಮ ಭಾವನಿಗೆ ಮನುಷ್ಯರ ಮೇಲೆ ನಂಬಿಕೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅವರಿಗೆ ಮಿಕ್ಸಿಯ ಮೇಲೂ ನಂಬಿಕೆಯಿಲ್ಲ! ಫ್ರಿಜ್ಜು, ಟಿವಿ, ಲಿಫ್ಟು, ಸೊಸೈಟಿಯ ನೀರಿನ ಪಂಪು, ಯಾವುದರ ಮೇಲೂ ಇಲ್ಲ. ಭೇದಭಾವ ಮಾಡುವ ಜನ ಅಲ್ಲ ಅವರು.

ವಡಾಲದ ಅವರ ಮನೆಯ ಬೆಲ್ ಒತ್ತಿ ನೋಡಿ. ಒಳಗಿನಿಂದ "ಯಾರು?" ಎಂದು ಕೇಳುತ್ತಾರೆ. ನೀವು ಎಲ್ಲರ ಹಾಗೆ "ನಾನು" ಎಂದಿರೋ, ಕೆಟ್ಟಿರಿ. "ನಾನು ಅಂತ ಕಳ್ಳನೂ ಹೇಳ್ತಾನೆ" ಎಂಬ ಉತ್ತರ ಬರುತ್ತದೆ. ಬಾಗಿಲಿನ ಕಿಂಡಿಯಿಂದ ನಮ್ಮ ಮುಖ ಅವರಿಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಆದರೆ ಮುಖ ನೋಡಿ ನಂಬುವುದು ಹಳೇ ಪದ್ಧತಿಯಂತೆ. ನನ್ನ ಅಕ್ಕ, ಅಂದರೆ ಅವರನ್ನು ಕಟ್ಟಿಕೊಂಡ ಪುಣ್ಯಾತ್ಮೆ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಹೊರಗೆ ನಿಂತು, ತನ್ನ ಹೆಸರು, ಗಂಡನ ಹೆಸರು ಎಲ್ಲ ಹೇಳಿ ಒಳಗೆ ಬಂದದ್ದುಂಟು. ಗಂಡನ ಹೆಸರನ್ನು ಗಂಡನಿಗೇ ಹೇಳುವ ಯೋಗ ಎಷ್ಟು ಹೆಂಗಸರಿಗೆ ಬಂದೀತು ಹೇಳಿ?

ಇಂಥ ಮನೆಗೆ ಕಳೆದ ತಿಂಗಳು ಗಂಡಿನ ಕಡೆಯವರು ಬರುತ್ತೇವೆಂದರು. ಅಕ್ಕನ ಮಗಳೂ ಆ ಹುಡುಗನೂ ತಮ್ಮಷ್ಟಕ್ಕೆ ಒಪ್ಪಿಕೊಂಡಾಗಿತ್ತು, ಹಿರಿಯರು ಕೂತು ಮಾತಾಡುವುದಷ್ಟೇ ಬಾಕಿ. ಬೀಗರನ್ನೂ ಭಾವ ಬಾಗಿಲ ಹೊರಗೇ ನಿಲ್ಲಿಸಿ ವಿಚಾರಿಸುತ್ತಾರೋ ಎಂದು ನನಗೆ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಬಂದವರು ಕೇಳಿಯೇ ಕೇಳುವ ಒಂದು ಪ್ರಶ್ನೆಗೆ ಭಾವನ ಹತ್ತಿರ ಉತ್ತರವಿರಲಿಲ್ಲ.

ಆ ಪ್ರಶ್ನೆ ಯಾವುದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಡುಪಿ-ಮಂಗಳೂರಿನ ಇಬ್ಬರು ಲೋಕಲ್ ಟ್ರೇನಿನಲ್ಲಿ ಎದುರುಬದುರು ಸಿಕ್ಕಿದರೆ ಹೆಸರು ಕೇಳುವುದು ಆಮೇಲೆ. ಮೊದಲು ಊರು ಯಾವುದು, ಯಾರ ಮನೆ, ಇಂಥವರು ನಿಮಗೆ ಏನಾಗಬೇಕು. ಸ್ಟೇಷನ್ ಬರುವಷ್ಟರಲ್ಲಿ ಎಲ್ಲಿಯಾದರೂ ಒಬ್ಬ ದೊಡ್ಡಪ್ಪ ಸಿಕ್ಕಿಯೇ ಸಿಗುತ್ತಾನೆ! ನಮ್ಮ ಅಮ್ಮ ಅಕ್ಕನ ಜೊತೆಯಲ್ಲೇ ಇರುವುದು. ಈ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಬಿಲ್ಡಿಂಗಿಗೆ ಹೊಸದಾಗಿ ಬಂದವರನ್ನು ಲಿಫ್ಟು ಮೇಲೇರುವಷ್ಟರಲ್ಲಿ ನೆಂಟರನ್ನಾಗಿ ಮಾಡಿಬಿಡುತ್ತಾರೆ.

ಅಂಥ ಅಮ್ಮನಿಗೆ ಸಿಕ್ಕಿದ ಅಳಿಯ ನೋಡಿ! ಭಾವನನ್ನು ಎಳವೆಯಲ್ಲಿ ಯಾರೋ ಬಸ್ಸಿನಲ್ಲಿ ಕರೆತಂದು ಇಲ್ಲಿಯ ಅನಾಥಾಶ್ರಮವೊಂದರಲ್ಲಿ ಬಿಟ್ಟು ಹೋದರು. ಬಾಯಲ್ಲಿ ತುಳು ಇತ್ತು, ಅದು ಬಿಟ್ಟರೆ ಊರಿಲ್ಲ, ಮನೆಯಿಲ್ಲ. ಅಕ್ಕ ಹಟ ಹಿಡಿದು ಮದುವೆಯಾದಳು. ಅಂದಿನಿಂದ ಅಮ್ಮ, ಭಾವ ಊಟಕ್ಕೆ ಕೂತಾಗಲೆಲ್ಲ "ಏನಾದ್ರೂ ನೆನಪಾಯ್ತಾ?" ಎಂದು ಕೇಳದೆ ಸಾರು ಬಡಿಸಿದ್ದಿಲ್ಲ. ಭಾವ "ಇಲ್ಲ ಅತ್ತೆ" ಎನ್ನುತ್ತಾರೆ. ಅಮ್ಮ ಸಾರು ಬಡಿಸುತ್ತಾರೆ.

ಇನ್ನು ಭಾವನ ಉದ್ಯೋಗ. ನನಗೆ ತಲೆ ಕೆಡುವುದು ಇಲ್ಲಿ. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಂಗೈಯಗಲದ ಪೆಟ್ಟಿಗೆಗಳು ತಯಾರಾಗುತ್ತವೆ. ಔಷಧಿ ಗೋದಾಮು, ಹೋಟೆಲಿನ ಕೋಲ್ಡ್ ರೂಮು, ಇಂಥಲ್ಲೆಲ್ಲ ಕೂತು ಒಳಗೆ ಎಷ್ಟು ತಣ್ಣಗಿದೆ ಎಂದು ಇಂಟರ್ನೆಟ್ಟಿನಲ್ಲಿ ಸರ್ವರು ಎಂಬ ದೂರದ ಕಂಪ್ಯೂಟರಿಗೆ ವರದಿ ಒಪ್ಪಿಸುವುದು ಆ ಪೆಟ್ಟಿಗೆಗಳ ಕೆಲಸ. ವರದಿ ಒಪ್ಪಿಸುತ್ತಿರುವುದು ಅಸಲಿ ಪೆಟ್ಟಿಗೆಯೋ, ಅದರ ಹೆಸರಿನಲ್ಲಿ ಮಾತಾಡುವ ಕಳ್ಳನೋ? ಅದಕ್ಕಾಗಿ ಒಂದೊಂದಕ್ಕೂ ಸರ್ಟಿಫಿಕೇಟು ಮಾಡಿಕೊಟ್ಟು ಹೊರಗೆ ಕಳಿಸುವವರು ನಮ್ಮ ಭಾವ. ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಗುಟ್ಟು ಇಟ್ಟಿರುತ್ತದಂತೆ. ಅದನ್ನು ಅದು ಯಾರಿಗೂ ಹೇಳುವುದಿಲ್ಲ, ಭಾವನಿಗೂ ಹೇಳುವುದಿಲ್ಲ. ಆದರೆ ಗುಟ್ಟು ತನಗೆ ಗೊತ್ತಿದೆ ಎಂದು ಮಾತ್ರ ತೋರಿಸಿಕೊಡುತ್ತದೆ. ಇದು ಹೇಗೆ ಸಾಧ್ಯ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ನನ್ನ ಹೆಂಡತಿ ಸಿಟ್ಟಾದಾಗ ಹಾಗೆಯೇ ಮಾಡುತ್ತಾಳೆ ಎಂದು ಹೊಳೆದು ಸ್ವಲ್ಪ ಸಮಾಧಾನವಾಯಿತು.

ಒಮ್ಮೆ ಅಮ್ಮನೇ ಕೇಳಿದರು, ಆ ಪೆಟ್ಟಿಗೆಯನ್ನು ಸರ್ವರು ನಂಬುವುದು ಯಾಕೆ ಎಂದು. ಭಾವನ ಮುಖ ಅರಳಿತು. ನೀವು ಲಿಫ್ಟಿನಲ್ಲಿ ಮಾಡುವುದೂ ಅದೇ ಅತ್ತೆ, ಎಂದು ಶುರುಮಾಡಿದರು. ಪೆಟ್ಟಿಗೆಯ ಪರವಾಗಿ ಒಬ್ಬರು ಸಾಕ್ಷಿ ಹೇಳುತ್ತಾರೆ, ಅವರ ಪರವಾಗಿ ಅವರ ಮೇಲಿನವರು, ಹಾಗೆ ಹತ್ತುತ್ತಾ ಹೋದರೆ ಕಡೆಗೆ ಒಂದು ಮೂಲ ಸಿಗುತ್ತದೆ.

"ಆ ಮೂಲಕ್ಕೆ ಸಾಕ್ಷಿ ಯಾರು?" ಎಂದರು ಅಮ್ಮ.

"ಅದಕ್ಕೆ ಯಾರೂ ಇಲ್ಲ ಅತ್ತೆ. ಅದು ತನಗೆ ತಾನೇ ಸಾಕ್ಷಿ. ನಂಬಿದ್ರೆ ನಂಬಬೇಕು, ಅಷ್ಟೇ."

"ಇಷ್ಟಕ್ಕೆ ಅಷ್ಟೆಲ್ಲ ಓದಿದ್ದಾ ನೀವು?" ಎಂದು ಅಮ್ಮ ಒಳಗೆ ಹೋದರು.

ಸಾಂತಾಕ್ರೂಜ್‌ನಲ್ಲಿರುವ ನನ್ನ ಸಣ್ಣ ಹೋಟೆಲಿನ ಕೋಲ್ಡ್ ರೂಮಿಗೂ ಭಾವ ಒಂದು ಪೆಟ್ಟಿಗೆ ಹಾಕಿಕೊಟ್ಟರು. ಸರ್ಟಿಫಿಕೇಟಿಗೆ ಅವಧಿಯುಂಟು, ಮುಗಿಯುವ ಮೊದಲು ಹೊಸದು ಮಾಡಲೇ ಎಂದು ಫೋನಿನಲ್ಲಿ ಕೇಳುತ್ತದೆ, ಒತ್ತಬೇಕು ಎಂದಿದ್ದರು. ಅದೇ ಬಾಯಲ್ಲಿ, ಫೋನಿನಲ್ಲಿ ಗೊತ್ತಿಲ್ಲದ್ದನ್ನು ಒತ್ತಲೇಬೇಡ ಎಂದೂ ಹೇಳಿದ್ದರು. ನನಗೆ ಗೊತ್ತಿರುವುದಾದರೂ ಏನು? ಯಾವುದನ್ನೂ ಒತ್ತಲಿಲ್ಲ. ಒಂದು ದಿನ ಕೋಲ್ಡ್ ರೂಮು ಕೆಟ್ಟಿತು. ಒಳಗೆ ಸೆಕೆ ಏರುತ್ತಿದೆ ಎಂದು ಪೆಟ್ಟಿಗೆ ಪಾಪ ಮತ್ತೆ ಮತ್ತೆ ಹೇಳಿತಂತೆ. ಅವಧಿ ಮುಗಿದ ನಿನ್ನ ಮಾತು ಕೇಳುವುದಿಲ್ಲ ಎಂದು ಸರ್ವರು ಅದನ್ನು ಓಡಿಸಿತಂತೆ. ದೋಸೆ ಹಿಟ್ಟು ಉಕ್ಕಿ ಬಾಗಿಲಿನ ಅಡಿಯಿಂದ ಹೊರಗೆ ಬಂದಾಗ ನಮಗೆ ಗೊತ್ತಾಯಿತು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಕಾಗಲಿಲ್ಲ!

ನಾನು ಬೈಗಳಿಗೆ ತಯಾರಾಗಿ ನಿಂತಿದ್ದೆ. ಭಾವ ಬೈಯಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಅಂಗೈಯಲ್ಲಿಟ್ಟು ನೋಡುತ್ತಾ, "ಸತ್ಯವೇ ಹೇಳಿತ್ತು ಮಾರಾಯ. ಗುರುತು ಇಲ್ಲದವರ ಸತ್ಯ ಯಾರಿಗೂ ಬೇಡ" ಎಂದರು. ಅವರು ಪೆಟ್ಟಿಗೆಯ ವಿಷಯವನ್ನಷ್ಟೇ ಹೇಳುತ್ತಿಲ್ಲ ಎಂದು ನನಗೂ ಅನ್ನಿಸಿತು. ಎರಡು ಚಹಾ ತರಿಸಿದೆ.

ಗಂಡಿನವರು ಬರುವ ದಿನ ಅಕ್ಕನ ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಮಾಮಾ, ಅವರ ಮುಂದೆ ಪಪ್ಪಾನ ತಲೆ ಕೆಳಗೆ ಆದ್ರೆ ನನಗೆ ಈ ಶಾದಿ ನಹೀ ಚಾಹಿಯೆ. ಬಸ್" ಎಂದಳು. ಹುಡುಗಿಗೆ ಕನ್ನಡ ಅರ್ಧಂಬರ್ಧ, ಹಟ ಮಾತ್ರ ಪೂರ್ತಿ ತಾಯಿಯದು.

ಬೆಲ್ ಆಯಿತು. ಭಾವ "ಯಾರು?" ಎನ್ನಲೇ ಇಲ್ಲ, ಸೀದಾ ಬಾಗಿಲು ತೆರೆದರು. ಅವರು ಎಷ್ಟು ಹೆದರಿದ್ದಾರೆಂದು ನನಗೆ ಆಗ ಅರ್ಥವಾಯಿತು. ಮಳೆ, ಟ್ರಾಫಿಕ್ಕಿನ ಮಾತು, ತಟ್ಟೆಯ ಶಿರಾ ಎಲ್ಲ ಆದ ಮೇಲೆ ಹುಡುಗನ ಸೋದರಮಾವ ಬೆರಳು ಒರೆಸಿಕೊಳ್ಳುತ್ತಾ ಕೇಳಿದರು, "ಅಂದ ಹಾಗೆ, ಊರಲ್ಲಿ ನಿಮ್ಮದು ಯಾರ ಮನೆ?"

ಸುಳ್ಳು ಹೇಳಬಹುದಿತ್ತು. ಯಾವುದಾದರೂ ಊರಿನ ಹೆಸರು ಎಸೆದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಗುರುತು ಕೊಡುವುದು ಈ ಮನುಷ್ಯನಿಂದ ಆಗುವ ಕೆಲಸವೇ? ಭಾವ ತಟ್ಟೆಯನ್ನು ಕೆಳಗಿಟ್ಟು "ಗೊತ್ತಿಲ್ಲ" ಎಂದರು. ತಲೆ ನಿಧಾನ ತಗ್ಗತೊಡಗಿತು. ಅಕ್ಕನ ಮಗಳು ಕುರ್ಚಿಯಿಂದ ಎದ್ದಳು.

ಅಷ್ಟರಲ್ಲಿ ಮೂಲೆಯಿಂದ ಅಮ್ಮನ ಸ್ವರ ಬಂತು. "ನಮ್ಮ ಮನೆ."

ಸೋದರಮಾವ ತಿರುಗಿದರು. "ಅಲ್ಲ ಅಮ್ಮಾ, ನಾನು ಕೇಳಿದ್ದು ಅವರ ಮೂಲ..."

"ಮೂಲ ನಾನೇ" ಎಂದರು ಅಮ್ಮ. "ನನ್ನ ಮೇಲೆ ಕೇಳ್ಲಿಕ್ಕೆ ಇನ್ಯಾರೂ ಇಲ್ಲ. ನಂಬಿದ್ರೆ ನಂಬಿ. ಇಲ್ಲದಿದ್ರೆ ಕಾಫಿ ಕುಡಿದು ಹೋಗಿ."

ಸೋದರಮಾವ ಅಮ್ಮನನ್ನು ನೋಡಿದರು, ಭಾವನನ್ನು ನೋಡಿದರು, ಲೋಟ ಎತ್ತಿ ಕಾಫಿ ಮುಗಿಸಿದರು. ಆಮೇಲೆ, "ಹಾಗಾದ್ರೆ ದಿನ ನೋಡುವ ಅಲ್ವಾ?" ಎಂದರು. ನಿಂತಿದ್ದ ಹುಡುಗಿ ತನ್ನಷ್ಟಕ್ಕೆ ಕೂತಳು.

ಬೀಗರನ್ನು ಸ್ಟೇಷನ್ನಿನವರೆಗೆ ಬಿಟ್ಟು ಬರಲು ಭಾವ ಹೋದರು. ತಿರುಗಿ ಬಂದು ಬೆಲ್ ಒತ್ತಿದಾಗ ಅಕ್ಕ ಏಳಹೊರಟಳು. ಅಮ್ಮ ಕೈ ಹಿಡಿದು ಕೂರಿಸಿ, ತಾವೇ ಬಾಗಿಲ ಹತ್ತಿರ ಹೋಗಿ ಕೇಳಿದರು, "ಯಾರು?"

"ನಾನು, ಅತ್ತೆ."

"ನಾನು ಅಂತ ಕಳ್ಳನೂ ಹೇಳ್ತಾನೆ."

ನಾವೆಲ್ಲ ಬಾಯಿಗೆ ಕೈ ಒತ್ತಿ ನಗುತ್ತಿದ್ದೆವು. ಲಿಫ್ಟು ಕೆಳಗೆ ಹೋದದ್ದು ಕೇಳಿಸಿ ನಗು ನಿಂತಿತು. ಆಮೇಲೆ, ಬಾಗಿಲಿಗೆ ತೀರ ಹತ್ತಿರದಿಂದ, ಭಾವನ ಸ್ವರ ಬಂತು.

"ಈ ಮನೆಯವ, ಅತ್ತೆ."

ಅಮ್ಮ ಚಿಲಕ ತೆಗೆದರು.